ನವಿಲುತೀರ್ಥದ ದಾರಿಯಲ್ಲಿ ಏಣಗಿ ಬಾಳಪ್ಪ

ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಿನಲ್ಲಿ ಹುಟ್ಟುವ ಮಲಪ್ರಭೆ ಎರೆಭೂಮಿಗೆ ಇಳಿದ ಮೇಲೆ ಅವಸರವಿಲ್ಲದ ನದಿ. ಸವದತ್ತಿಯ ಹತ್ತಿರ ಮಾತ್ರ ಅದಕ್ಕೆ ಕಲ್ಲುಗುಡ್ಡಗಳ ಸಾಲು ಅಡ್ಡ ಬರುತ್ತದೆ. ಸುತ್ತು ಹಾಕಿ ಹೋಗದೆ ಆ ಗುಡ್ಡವನ್ನೇ ಸೀಳಿ ದಾರಿ ಮಾಡಿಕೊಂಡಿದೆ ನದಿ. ಎರಡೂ ಕಡೆ ಬಂಡೆಗಳು ಎದ್ದು ನಿಂತ ಆ ಇಕ್ಕಟ್ಟು ಕಣಿವೆಯೇ ನವಿಲುತೀರ್ಥ. ಅಲ್ಲಿಂದ ಮುಂದೆ ಮುನವಳ್ಳಿ, ತೊರಗಲ್ಲು, ರಾಮದುರ್ಗಗಳ ಬದಿಗೆ ಹರಿದು, ಪಟ್ಟದಕಲ್ಲಿನ ಗುಡಿಗಳನ್ನು ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ.

ಕಣಿವೆಯ ಬಾಯಿಗೆ 1970ರ ದಶಕದ ಆರಂಭದಲ್ಲಿ ಅಣೆಕಟ್ಟು ಬಂತು. ಅದರ ಹಿಂದೆ ನಿಂತ ಸುಮಾರು 37 ಟಿಎಂಸಿ ನೀರಿಗೆ ರೇಣುಕಾಸಾಗರ ಎಂದು ಹೆಸರು. ನವಿಲುತೀರ್ಥಕ್ಕೆ ಬರುವವರಲ್ಲಿ ಹೆಚ್ಚಿನವರು ಎಲ್ಲಮ್ಮನ ಗುಡ್ಡಕ್ಕೆ ಬಂದವರು. ದೇವಿಯ ದರ್ಶನ ಮುಗಿಸಿ, ಬುತ್ತಿ ಬಿಚ್ಚಲು ನೀರಿನ ದಂಡೆ ಹುಡುಕಿಕೊಂಡು ಇಲ್ಲಿಗೆ ಇಳಿಯುತ್ತಾರೆ. ನನ್ನನ್ನು ಇಲ್ಲಿಗೆ ಕರೆದುಕೊಂಡು ಬಂದದ್ದು ಒಬ್ಬ ಹಾಡುಗಾರನ ನೆನಪು. ಸವದತ್ತಿ ತಾಲ್ಲೂಕಿನದೇ ಏಣಗಿ ಎಂಬ ಹಳ್ಳಿಯಲ್ಲಿ 1914ರಲ್ಲಿ ರೈತರ ಮನೆಯಲ್ಲಿ ಹುಟ್ಟಿ, 2017ರ ಆಗಸ್ಟ್ 18ರಂದು ತೀರಿಕೊಂಡ ಏಣಗಿ ಬಾಳಪ್ಪ. ನೂರಾ ಮೂರು ವರ್ಷದ ಬದುಕು. ಅದರ ಬಹುಪಾಲು ಮುಖಕ್ಕೆ ಬಣ್ಣ ಹಚ್ಚಿ, ಪೆಟ್ಟಿಗೆಯ ಸ್ವರಕ್ಕೆ ಕಂಠ ಹೊಂದಿಸಿ ಕಳೆದದ್ದು.

ಧಾರವಾಡದಿಂದ ಸವದತ್ತಿಯ ಬಸ್ಸು ಹಿಡಿದರೆ ಅಮ್ಮಿನಬಾವಿ, ಇನಾಮಹೊಂಗಲ ಎಂದು ಊರುಗಳು ಬರುತ್ತವೆ. ಮಾಗಿಯ ದಿನಗಳಾದ್ದರಿಂದ ಹೊಲದಲ್ಲಿ ಬಿಳಿಜೋಳ ತೆನೆ ಕಟ್ಟಿತ್ತು, ಅದರ ಪಕ್ಕದಲ್ಲಿ ಕಡಲೆ, ಕುಸುಬಿ. ಬಸ್ಸಿನ ತುಂಬ ಗುಡ್ಡಕ್ಕೆ ಹೊರಟವರು. ಹಣೆಯ ಮೇಲೆ ಭಂಡಾರ, ಕೈಯಲ್ಲಿ ಬುತ್ತಿಯ ಗಂಟು, ನಿಲ್ಲುವ ಊರಿಗೊಮ್ಮೆ ‘ಉಧೋ ಉಧೋ’. ಆ ಗದ್ದಲದ ನಡುವೆ ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಿದ್ದದ್ದು ಅಮೆರಿಕದ ಸ್ಯಾಮ್ ಕುಕ್‌ನ ಹಾಡು. ಮಿಸಿಸಿಪಿಯ ಕ್ಲಾರ್ಕ್ಸ್‌ಡೇಲ್‌ನಲ್ಲಿ 1931ರಲ್ಲಿ ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿ, ಶಿಕಾಗೊದಲ್ಲಿ ಬೆಳೆದ ಕಪ್ಪು ಹುಡುಗ. ಸೋಲ್ ಸಂಗೀತದ ಮೊದಲ ದೊಡ್ಡ ಕಂಠಗಳಲ್ಲಿ ಒಂದು ಎಂದು ಅವನನ್ನು ಲೋಕ ನೆನೆಯುತ್ತದೆ. ಬಾಳಪ್ಪನವರ ಊರಿನ ದಾರಿಯಲ್ಲಿ ಅವನ ಹಾಡು ಬೇಕೆಂದೇ ಹಚ್ಚಿಕೊಂಡಿದ್ದೆ. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿರಲಾರದ ಈ ಇಬ್ಬರೂ ಮಾಡಿದ ಕೆಲಸ ಒಂದೇ ಎಂದು ನನಗೆ ಬಹಳ ದಿನದಿಂದ ಅನ್ನಿಸುತ್ತ ಬಂದಿದೆ. ಆ ಕೆಲಸ ಯಾವುದು ಎಂದು ಈ ಮಣ್ಣಿನ ಮೇಲೆ ನಿಂತು ಯೋಚಿಸಬೇಕಿತ್ತು.

ಸವದತ್ತಿಯಲ್ಲಿ ಇಳಿದರೆ ಮೊದಲು ಕಣ್ಣಿಗೆ ಬೀಳುವುದು ಕೋಟೆ. ರಟ್ಟರ ಕಾಲದಲ್ಲಿ ಈ ಊರು ಸುಗಂಧವರ್ತಿ ಎಂಬ ರಾಜಧಾನಿ. ಅವರು ವೇಣುಗ್ರಾಮಕ್ಕೆ, ಅಂದರೆ ಬೆಳಗಾವಿಗೆ ಹೋಗುವವರೆಗೆ ಇಲ್ಲಿಂದಲೇ ಆಳಿದರು. ಈ ಸೀಮೆಯ ಚರಿತ್ರೆ ಕಲ್ಲಿನ ಮೇಲೆ ಎಷ್ಟು ಉಳಿದಿದೆಯೋ ಹಾಡಿನಲ್ಲಿಯೂ ಅಷ್ಟೇ ಉಳಿದಿದೆ. ಕಿತ್ತೂರಿನ 1824ರ ಯುದ್ಧವನ್ನೂ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನನ್ನೂ ಊರೂರಿಗೆ ತಲುಪಿಸಿದವರು ಲಾವಣಿಕಾರರು. ಸರಕಾರಿ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಶಾಸನಗಳ ಜೊತೆಗೆ ಈ ಲಾವಣಿಗಳನ್ನೂ ಬರೆದುಕೊಂಡು ಅಚ್ಚು ಹಾಕಿಸಿದ. ಹೊಲದ ಕೆಲಸ ಮುಗಿದ ಮೇಲೆ ಭಜನೆ, ಸುಗ್ಗಿ ಮುಗಿದ ಮೇಲೆ ಬಯಲಾಟ, ಹಬ್ಬಕ್ಕೆ ಗೀಗೀ ಮೇಳ: ಇಲ್ಲಿ ಹುಟ್ಟಿದ ಹುಡುಗನ ಕಿವಿಗೆ ಹಾಡು ಬೀಳಲು ಯಾವ ಗುರುಕುಲವೂ ಬೇಕಿರಲಿಲ್ಲ.

ಬಾಳಪ್ಪ ಕಲಿತದ್ದು ಹೀಗೆ ಬಿದ್ದ ಹಾಡಿನಿಂದಲೇ. ಹುಡುಗನ ದನಿ ಚೆನ್ನಾಗಿದೆ ಎಂದು ಊರಿಗೆ ಗೊತ್ತಾದರೆ ಆಗ ಅವನಿಗೆ ಇದ್ದ ದಾರಿ ನಾಟಕ ಕಂಪನಿ. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಉತ್ತರ ಕರ್ನಾಟಕದ ಸಂಗೀತವೆಲ್ಲ ಹೆಚ್ಚುಕಡಿಮೆ ಕಂಪನಿಯ ಪರದೆಯ ಹಿಂದೆಯೇ ಬೆಳೆಯಿತು. ಧಾರವಾಡದ ಪಕ್ಕದ ಮನಸೂರಿನ ಮಲ್ಲಿಕಾರ್ಜುನ ಹಿಂದುಸ್ತಾನಿ ಗಾಯಕರಾಗುವ ಮೊದಲು ಬಾಲನಟ; ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಹಾಡುತ್ತಿದ್ದ ಹುಡುಗ. ಬಸವರಾಜ ರಾಜಗುರು ಕೂಡ ಅದೇ ಬಣ್ಣದ ಮನೆಯನ್ನು ಹಾದು ಬಂದವರು. ಅವರಿಬ್ಬರೂ ಮುಂದೆ ಕಛೇರಿಯ ವೇದಿಕೆಗೆ ಹೋದರು. ಬಾಳಪ್ಪ ಕಂಪನಿಯಲ್ಲಿಯೇ ನಿಂತರು. ಹುಡುಗನಾಗಿದ್ದಾಗ ಸ್ತ್ರೀ ಪಾತ್ರ, ಮೀಸೆ ಮೂಡಿದ ಮೇಲೆ ನಾಯಕ, ಆಮೇಲೆ ಹಿರಿಯರ ಪಾತ್ರ, ಕೊನೆಗೆ ‘ಕಲಾವೈಭವ ನಾಟ್ಯ ಸಂಘ’ ಎಂಬ ಸ್ವಂತ ಕಂಪನಿಯ ಮಾಲೀಕ.

ಕಂಪನಿಯ ಹಾಡಿಕೆಯ ಕಷ್ಟವನ್ನು ಇಂದಿನವರು ಊಹಿಸುವುದೂ ಕಷ್ಟ. ಮೈಕು ಬರುವ ಮುಂಚಿನ ಮಾತು. ತಗಡಿನ ಗೋಡೆ, ತಟ್ಟಿನ ಮರೆ, ಮೇಲೆ ಗ್ಯಾಸ್ ಬತ್ತಿ. ಮುಂದೆ ಕುರ್ಚಿಯ ಸಾಲು, ಹಿಂದೆ ಬೆಂಚು, ಅದರ ಹಿಂದೆ ನೆಲದ ಮೇಲೆ ಕುಳಿತ ಜನ. ಎಲ್ಲಕ್ಕಿಂತ ಕಡಿಮೆ ದುಡ್ಡು ಕೊಟ್ಟು ನೆಲದ ಮೇಲೆ ಕುಳಿತವನಿಗೂ ಹಾಡಿನ ಒಂದೊಂದು ಅಕ್ಷರ ಕೇಳಬೇಕು. ಕೇಳಿದರೆ ಸಾಲದು, ಅವನ ಎದೆ ತುಂಬಬೇಕು. ತುಂಬಿದರೆ ಅವನು ‘ವನ್ಸ್ ಮೋರ್’ ಎಂದು ಕೂಗುತ್ತಾನೆ. ಕೂಗಿದಷ್ಟು ಸಲ ನಟ ಅದನ್ನೇ ಮತ್ತೆ ಹಾಡಬೇಕು. ಮತ್ತೆ ಹಾಡುವಾಗ ಒಂದು ಹೊಸ ತಿರುವು, ಒಂದು ಚಿಕ್ಕ ತಾನ, ಶಬ್ದದ ಮೇಲೆ ಬೇರೆ ಒತ್ತು ಕೊಡದಿದ್ದರೆ ಜನ ಒಪ್ಪುವುದಿಲ್ಲ. ರಾತ್ರಿ ಹತ್ತಕ್ಕೆ ಶುರುವಾದ ಆಟ ಬೆಳಗಿನ ಜಾವಕ್ಕೆ ಮುಗಿದರೆ, ಮರುದಿನ ಮತ್ತೆ ಅದೇ ಕಂಠ ತಯಾರಾಗಿರಬೇಕು. ಮಳೆಗಾಲಕ್ಕೆ ಒಂದು ಕ್ಯಾಂಪು, ಜಾತ್ರೆಗೆ ಇನ್ನೊಂದು ಕ್ಯಾಂಪು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯಲ್ಲಿ ಹಲವು ಕಂಪನಿಗಳು ಎದುರುಬದುರು ಪೆಂಡಾಲು ಹಾಕುವುದು ಇಂದಿಗೂ ನಡೆದಿದೆ. ಎದುರಿನ ಪೆಂಡಾಲಿನ ಹಾಡು ಚೆನ್ನಾಗಿದ್ದರೆ ಇಲ್ಲಿಯ ಗಲ್ಲಾಪೆಟ್ಟಿಗೆ ಖಾಲಿ.

ಅಣೆಕಟ್ಟಿನ ಕೆಳಗೆ ಚಹಾದ ಗೂಡಂಗಡಿಯ ಮುಂದೆ ರುಮಾಲು ಸುತ್ತಿದ ಒಬ್ಬ ಹಿರಿಯರು ಕುಳಿತಿದ್ದರು. ಪಕ್ಕದಲ್ಲಿ ಕುಳಿತು ಮಾತಿಗೆಳೆದೆ. “ಯಜ್ಜಾ, ಏಣಗಿ ಬಾಳಪ್ಪಾರ ನಾಟಕ ನೋಡೀರೇನ್ರಿ?”

ಅವರು ಬಸಿಯನ್ನು ಕೆಳಗಿಟ್ಟರು. “ನೋಡದ ಏನ ತಮ್ಮಾ! ಸಣ್ಣಾಂವ ಇದ್ದಾಗ ಚಕ್ಕಡಿ ಕಟ್ಟಿಕೊಂಡ ಹೋಗಿದ್ವಿ. ಬಸವಣ್ಣ ಆಗಿ ಬಂದಾಗ ನಮ್ಮವ್ವ ಕೂತಲ್ಲೇ ಕೈಮುಗದಳು. ನಮ್ಮಪ್ಪಂತೂ ಚಪ್ಪಲಿ ಹೊರಗ ಬಿಟ್ಟ ಒಳಗ ಬಂದಿದ್ದ.”

“ಟಿಕೀಟ ತಗೊಂಡ ಹೋಗಿದ್ರಲ್ರಿ?”

“ಹೂಂ ಮತ್ತ, ಟಿಕೀಟ ತಗೊಂಡೇ ಹೋಗಿದ್ವಿ. ಅದಕ್ಕೇನಾತು?”

ಆ ‘ಅದಕ್ಕೇನಾತು’ ಎಂಬ ಪ್ರಶ್ನೆಯಲ್ಲಿ ನಾನು ಹುಡುಕಿಕೊಂಡು ಬಂದದ್ದು ಇತ್ತು. ‘ಜಗಜ್ಯೋತಿ ಬಸವೇಶ್ವರ’ ಬಾಳಪ್ಪನವರಿಗೆ ದೊಡ್ಡ ಹೆಸರು ತಂದುಕೊಟ್ಟ ನಾಟಕ. ಬಸವಣ್ಣನ ಪಾತ್ರದಲ್ಲಿ ಅವರು ರಂಗದ ಮೇಲೆ ಬಂದರೆ ಜನ ಕಾಲಿಗೆ ಬೀಳುತ್ತಿದ್ದರು ಎಂಬುದನ್ನು ಈ ಭಾಗದ ಹಳೆಯ ತಲೆಮಾರಿನವರು ಎಲ್ಲೆಲ್ಲೂ ಹೇಳುತ್ತಾರೆ. ವಚನಗಳು ಆ ವೇಳೆಗೆ ಒಂದು ದೊಡ್ಡ ಪ್ರಯಾಣ ಮಾಡಿದ್ದವು. ಮಠಗಳಲ್ಲಿ, ಮನೆಗಳ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಡೋಲೆಯ ಕಟ್ಟುಗಳನ್ನು ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿನಲ್ಲಿ ತಂದರು. ಅಚ್ಚಾದದ್ದು ಓದು ಬಲ್ಲವರಿಗೆ ಸಿಕ್ಕಿತು. ಓದು ಬಾರದ ರೈತನಿಗೆ, ಕೂಲಿಯವಳಿಗೆ, ಸಂತೆಗೆ ಬಂದ ದನದ ವ್ಯಾಪಾರಿಗೆ ಬಸವಣ್ಣನ ಮಾತು ಬಸವಣ್ಣನ ಮುಖದಿಂದಲೇ ಕೇಳಿದಂತೆ ಆದದ್ದು ಕಂಪನಿಯ ಪೆಂಡಾಲಿನಲ್ಲಿ. ಪಟ್ಟದ ಸ್ವಾಮಿಗಳಿಗೂ ವಿದ್ವಾಂಸರಿಗೂ ಸಾಧ್ಯವಾಗದ ಈ ಕೆಲಸವನ್ನು ಮುಖಕ್ಕೆ ಬಣ್ಣ ಹಚ್ಚಿಕೊಂಡ ನಟರು ಮಾಡಿದರು.

ಸ್ಯಾಮ್ ಕುಕ್‌ನ ಕಥೆಯೂ ಇಂಥದ್ದೇ. ಅವನು ಬೆಳೆದದ್ದು ಕಪ್ಪು ಜನರ ಚರ್ಚಿನಲ್ಲಿ. 1950ರಲ್ಲಿ, ಇನ್ನೂ ಇಪ್ಪತ್ತು ತುಂಬದ ವಯಸ್ಸಿನಲ್ಲಿ, ‘ಸೋಲ್ ಸ್ಟರರ್ಸ್’ ಎಂಬ ಹೆಸರಾಂತ ಗಾಸ್ಪೆಲ್ ಮೇಳದ ಮುಖ್ಯ ಗಾಯಕನಾದ. ದೇವರ ಹಾಡು ಹಾಡುವವನು ಪ್ರೇಮದ ಹಾಡು ಹಾಡಬಾರದು ಎಂಬುದು ಆ ಭಕ್ತರ ಗಟ್ಟಿ ನಂಬಿಕೆ. ಹಾಗಾಗಿ 1956ರಲ್ಲಿ ಮೊದಲ ಲೌಕಿಕ ಹಾಡಿನ ತಟ್ಟೆ ಬಂದಾಗ ಅದರ ಮೇಲೆ ಇದ್ದದ್ದು ಡೇಲ್ ಕುಕ್ ಎಂಬ ಮರೆಹೆಸರು. ಆದರೆ ಕಂಠಕ್ಕೆ ಮರೆ ಹಾಕಲು ಆಗುತ್ತದೆಯೇ? ಕೇಳಿದವರೆಲ್ಲ ಗುರುತು ಹಿಡಿದರು. ಮರುವರ್ಷ ಮೇಳವನ್ನು ಬಿಟ್ಟು ಸ್ವಂತ ಹೆಸರಿನಲ್ಲಿ ಹಾಡಿದ ‘ಯೂ ಸೆಂಡ್ ಮಿ’ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿತು. ಕರಿಯರೂ ಬಿಳಿಯರೂ ಕೊಂಡರು. ಚರ್ಚಿನಲ್ಲಿ ದೇವರನ್ನು ಕರೆಯಲು ಕಲಿತ ದನಿಯ ಏರಿಳಿತವೇ ಈಗ ಮನುಷ್ಯರ ಪ್ರೀತಿಗೆ, ನೋವಿಗೆ ಬಂದು ಒದಗಿತು. ರೇ ಚಾರ್ಲ್ಸ್ ಅವನಿಗಿಂತ ಸ್ವಲ್ಪ ಮೊದಲು ಇದೇ ದಾರಿ ತುಳಿದಿದ್ದ. ಅರೀಥಾ ಫ್ರಾಂಕ್ಲಿನ್ ಆಮೇಲೆ ತುಳಿದಳು. ಡೆಟ್ರಾಯಿಟಿನಲ್ಲಿ ತಂದೆಯ ಚರ್ಚಿನಲ್ಲಿ ಹಾಡುತ್ತ ಬೆಳೆದ ಅವಳು ಲೋಕವೆಲ್ಲ ಗೆದ್ದ ಮೇಲೆ 1972ರಲ್ಲಿ ಲಾಸ್ ಏಂಜಲೀಸಿನ ಒಂದು ಚರ್ಚಿಗೆ ಹೋಗಿ, ಜನರ ನಡುವೆ ನಿಂತು ಭಕ್ತಿಗೀತೆಗಳ ಧ್ವನಿಮುದ್ರಣ ಮಾಡಿಸಿದಳು. ಗುಡಿಯಿಂದ ಪೇಟೆಗೆ ಹೋದ ದಾರಿಯಲ್ಲಿ ಪೇಟೆಯಿಂದ ಗುಡಿಗೂ ಬರಬಹುದು ಎಂದು ತೋರಿಸಿಕೊಟ್ಟಳು.

ಬಾಳಪ್ಪ ಮತ್ತು ಕುಕ್‌ನ ನಡುವೆ ಇನ್ನೊಂದು ಹೋಲಿಕೆ ಇದೆ, ಅದನ್ನು ಹಾಡಿನ ಅಭಿಮಾನಿಗಳು ಅಷ್ಟಾಗಿ ಗಮನಿಸುವುದಿಲ್ಲ. ಇಬ್ಬರೂ ಸಂಬಳದ ಹಾಡುಗಾರರಾಗಿ ಉಳಿಯಲು ಒಪ್ಪಲಿಲ್ಲ. ಕುಕ್ ಗೆಳೆಯನ ಜೊತೆ ಸೇರಿ ‘ಸಾರ್’ ಎಂಬ ಧ್ವನಿಮುದ್ರಣ ಸಂಸ್ಥೆ ಕಟ್ಟಿ, ತನ್ನಂತೆಯೇ ಗಾಸ್ಪೆಲ್‌ನಿಂದ ಬಂದ ಹುಡುಗರಿಗೆ ಹಾಡಲು ಜಾಗ ಮಾಡಿಕೊಟ್ಟ. ಕರಿಯರನ್ನು ಬೇರೆ ಕೂರಿಸುವ ಸಭೆಯಲ್ಲಿ ಹಾಡಲು ಒಲ್ಲೆ ಎಂದ. 1963ರಲ್ಲಿ ಲೂಸಿಯಾನಾದ ಒಂದು ಊರಿನಲ್ಲಿ ಬಣ್ಣದ ಕಾರಣಕ್ಕೆ ವಸತಿ ನಿರಾಕರಿಸಿದಾಗ ಜಗಳವಾಡಿ ಪೊಲೀಸರ ಕೈಗೆ ಸಿಕ್ಕ. ಕೆಲವೇ ತಿಂಗಳಲ್ಲಿ ‘ಎ ಚೇಂಜ್ ಈಸ್ ಗೊನ್ನಾ ಕಮ್’ ಹಾಡಿದ; ನದಿಯ ದಂಡೆಯಿಂದ ಶುರುವಾಗುವ ಆ ಹಾಡು ಕಪ್ಪು ಜನರ ಹಕ್ಕಿನ ಹೋರಾಟದ ಹಾಡಾಯಿತು. ಅದು ಬಿಡಿ ತಟ್ಟೆಯಾಗಿ ಅಂಗಡಿಗೆ ಬರುವ ಹೊತ್ತಿಗೆ ಅವನು ಇರಲಿಲ್ಲ. 1964ರ ಡಿಸೆಂಬರ್ 11ರಂದು ಗುಂಡೇಟಿಗೆ ಸತ್ತಾಗ ಅವನಿಗೆ ಮೂವತ್ಮೂರು ವರ್ಷ.

ಬಾಳಪ್ಪನವರಿಗೆ ಅದರ ಮೇಲೆ ಎಪ್ಪತ್ತು ವರ್ಷ ಸಿಕ್ಕಿತು. ಆದರೆ ಕಂಪನಿಯ ಮಾಲೀಕನ ಬದುಕು ಸುಖದ್ದೇನಲ್ಲ. ಹತ್ತಾರು ಮನೆಗಳ ಒಲೆ ಒಬ್ಬನ ಕಂಠದ ಮೇಲೆ ಉರಿಯಬೇಕು. ಪೆಟ್ಟಿಗೆಯವನು, ತಬಲಾದವನು, ಪರದೆ ಬರೆಯುವವನು, ಅಡುಗೆಯವನು, ಗೇಟು ಕಾಯುವವನು, ನಟರು, ಅವರ ಮಕ್ಕಳು ಎಲ್ಲರೂ ಕಂಪನಿಯೇ. ಅಕಾಲಕ್ಕೆ ಮಳೆ ಬಂದರೆ ಆಟವಿಲ್ಲ. ಮಳೆ ಬಾರದೆ ಬೆಳೆ ಹೋದರೆ ಟಿಕೀಟು ಕೊಳ್ಳುವವರಿಲ್ಲ. ಆ ಮೇಲೆ ಸಿನಿಮಾ ಬಂತು, ಟಿ.ವಿ. ಬಂತು. ಅವರ ಪತ್ನಿ ಲಕ್ಷ್ಮೀಬಾಯಿ ಏಣಗಿ ಕಂಪನಿಯ ಹೆಸರಾಂತ ನಟಿ. ಮಗ ನಟರಾಜ ಏಣಗಿ ರಂಗಭೂಮಿಯಲ್ಲಿ, ಆಮೇಲೆ ಸಿನಿಮಾ ಮತ್ತು ಕಿರುತೆರೆಯಲ್ಲಿ ಹೆಸರು ಮಾಡಿದವರು. 2012ರಲ್ಲಿ, ತಂದೆ ಇರುವಾಗಲೇ ತೀರಿಕೊಂಡರು. ಅಂಥ ದುಃಖವನ್ನು ಹೊತ್ತುಕೊಂಡೂ ಆ ಹಿರಿಯ ಜೀವ ಸಭೆಗಳಿಗೆ ಬರುತ್ತಿತ್ತು. ತೊಂಬತ್ತು ದಾಟಿದ ಮೇಲೂ ಯಾರಾದರೂ ಕೇಳಿದರೆ ರಂಗಗೀತೆ ಹಾಡುತ್ತಿತ್ತು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, ಗುಬ್ಬಿ ವೀರಣ್ಣ ಪ್ರಶಸ್ತಿ, ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಅವರನ್ನು ಹುಡುಕಿಕೊಂಡು ಬಂದವು. ಅವರ ನೆನಪುಗಳನ್ನು ಗಣೇಶ ಅಮೀನಗಡ ಅವರು ‘ಬಣ್ಣದ ಬದುಕಿನ ಚಿನ್ನದ ದಿನಗಳು’ ಎಂಬ ಪುಸ್ತಕವಾಗಿ ಬರೆದುಕೊಟ್ಟಿದ್ದಾರೆ.

ಚಹಾ ಕುಡಿದು ಗುಡ್ಡ ಹತ್ತಿದೆ. ಎಲ್ಲಮ್ಮನ ಗುಡಿಯ ಸುತ್ತ ಭಂಡಾರದ ಹಳದಿ ನೆಲಕ್ಕೂ ಗಾಳಿಗೂ ಹತ್ತಿತ್ತು. ಒಂದು ಮರದ ಕೆಳಗೆ ಜೋಗತಿಯರ ಮೇಳ ಕುಳಿತಿತ್ತು. ಒಬ್ಬಾಕೆ ಕಂಕುಳಲ್ಲಿ ಚೌಡಿಕೆ ಅವುಚಿಕೊಂಡು ತಂತಿ ಮೀಟುತ್ತ ಪದ ಎತ್ತಿಕೊಡುತ್ತಿದ್ದಳು, ಉಳಿದವರು ತಾಳ ಕುಟ್ಟುತ್ತ ಹಿಂದೆ ಎತ್ತಿಕೊಳ್ಳುತ್ತಿದ್ದರು. ಚೌಡಿಕೆಗೆ ಇರುವುದು ಒಂದೇ ತಂತಿ. ಆದರೂ ಆ ದನಿ ಒಮ್ಮೆ ಸಿಟ್ಟಿನಿಂದ ದೇವಿಯನ್ನು ಕೇಳುತ್ತದೆ, ಒಮ್ಮೆ ಮಗುವಿನಂತೆ ಬೇಡುತ್ತದೆ, ಒಮ್ಮೆ ಎಲ್ಲವನ್ನೂ ಒಪ್ಪಿಕೊಂಡು ಮೆತ್ತಗಾಗುತ್ತದೆ. ಒಬ್ಬರು ಕರೆದರೆ ಹತ್ತು ಜನ ಓಗೊಡುವ ಈ ಕ್ರಮವೇ ಕಪ್ಪು ಜನರ ಚರ್ಚಿನ ಹಾಡಿನ ಜೀವಾಳ. ಗುಲಾಮಗಿರಿಯ ಹೊಲಗಳಲ್ಲಿ ಬೆವರು ಸುರಿಸಿದವರು ಅದನ್ನು ಉಳಿಸಿಕೊಂಡು ಬಂದರು. ದೇವರ ಹೆಸರಿನಲ್ಲಿ ಮನೆ, ಮದುವೆ, ಮರ್ಯಾದೆ ಎಲ್ಲವನ್ನೂ ಕಳೆದುಕೊಂಡ ಹೆಣ್ಣುಮಕ್ಕಳು ಇಲ್ಲಿ ಅದನ್ನು ಉಳಿಸಿಕೊಂಡು ಬಂದರು. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1982ರಲ್ಲಿ ಮಾಡಿತು. ಅದು ಆಗಲೇಬೇಕಿದ್ದ ಕೆಲಸ, ಇನ್ನೂ ಪೂರ್ತಿ ಮುಗಿಯದ ಕೆಲಸ. ಪದ್ಧತಿ ಹೋಗಬೇಕು, ಆ ಹೆಣ್ಣುಮಕ್ಕಳ ಹಾಡಿಗೆ ಗೌರವ ಬರಬೇಕು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದಾಗ, 2021ರಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನದ ಮೆಟ್ಟಿಲು ಹತ್ತಿದಾಗ ಅದು ಸಾಧ್ಯ ಎಂದು ನಾವು ಕಣ್ಣಾರೆ ಕಂಡಿದ್ದೇವೆ.

ಕಂಪನಿ ನಾಟಕದ ನಟಿಯರ ಕಥೆಯೂ ಇದಕ್ಕೆ ದೂರದ್ದಲ್ಲ. ಬೀಳಗಿಯಿಂದ ಹೊರಟ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೇ ಪರಿಚಿತರಾದರು. ಅವರ ಅಕ್ಕ ಗೋಹರಬಾಯಿ ಮರಾಠಿ ರಂಗದಲ್ಲಿ ಬಾಲಗಂಧರ್ವರ ಎದುರು ನಿಂತು ಹಾಡಿದರು. ಊರು ಅವರ ಹಾಡನ್ನು ಮೆಚ್ಚಿತು, ಆದರೆ ಹಾಡಿದವರನ್ನು ಮನೆಯೊಳಗೆ ಕರೆಯಲು ಹಿಂಜರಿಯಿತು. ಕುಕ್‌ನ ತಟ್ಟೆ ಕೊಂಡವರು ಅವನಿಗೆ ವಸತಿ ಕೊಡಲು ಹಿಂಜರಿದದ್ದೂ ಇದೇ ರೋಗ. ಹಾಡನ್ನು ತಮ್ಮದಾಗಿಸಿಕೊಂಡು ಹಾಡಿದವರನ್ನು ಹೊಸ್ತಿಲ ಹೊರಗೆ ನಿಲ್ಲಿಸುವುದು ಯಾವ ದೇಶದಲ್ಲಾದರೂ ಅನ್ಯಾಯ.

ಗುಡ್ಡದ ಮೇಲಿಂದ ರೇಣುಕಾಸಾಗರದ ಹರವು ಕಾಣುತ್ತದೆ. ಈ ನೀರಿಗಾಗಿ ಹಳ್ಳಿಗಳು ಜಾಗ ಬಿಟ್ಟವು. ಕಾಲುವೆಯಾಗಿ ಹೋದ ನೀರಿನ ಕರದ ವಿಷಯದಲ್ಲಿ 1980ರಲ್ಲಿ ನರಗುಂದ, ನವಲಗುಂದದ ರೈತರು ಎದ್ದು ನಿಂತರು, ಜೀವಗಳು ಹೋದವು. ನೀರನ್ನು ಕಟ್ಟಿ ಹಾಕಿ, ಕಾಲುವೆ ತೋಡಿ, ಹೊಲಕ್ಕೆ ಮುಟ್ಟಿಸುವುದು ಎಷ್ಟು ಕಷ್ಟದ, ಎಷ್ಟು ಜನರ ತ್ಯಾಗ ಬೇಡುವ ಕೆಲಸ ಎಂದು ಈ ಸೀಮೆಗೆ ಗೊತ್ತು. ಹಾಡನ್ನು ಜನರಿಗೆ ಮುಟ್ಟಿಸುವ ಕೆಲಸವೂ ಅಂಥದ್ದೇ. ಮಠದಲ್ಲಿ ನಿಂತಿದ್ದ ವಚನವನ್ನು ಬಾಳಪ್ಪನವರ ಪೀಳಿಗೆ ಊರೂರಿನ ಒಣನೆಲಕ್ಕೆ ಹರಿಸಿತು. ಟಿಕೀಟಿನ ದುಡ್ಡು ಆ ವಚನವನ್ನು ಮೈಲಿಗೆ ಮಾಡಲಿಲ್ಲ. ದಿನವಿಡೀ ದುಡಿದು ತಂದ ದುಡ್ಡನ್ನು ಕೊಟ್ಟು ಕೇಳುವ ಮನುಷ್ಯ ಭಕ್ತನಿಗಿಂತ ಕಡಿಮೆಯವನಲ್ಲ ಎಂದು ನಂಬಿ ಹಾಡಿದ ಕಾರಣಕ್ಕೇ ಆ ದನಿ ಅವನ ಎದೆಗೆ ಇಳಿಯಿತು. ಸ್ಯಾಮ್ ಕುಕ್ ಮಾಡಿದ್ದೂ ಇಷ್ಟೇ. ದೇವರ ಮುಂದೆ ಎಷ್ಟು ಪ್ರಾಮಾಣಿಕವಾಗಿ ಹಾಡುತ್ತಿದ್ದನೋ ಅಷ್ಟೇ ಪ್ರಾಮಾಣಿಕವಾಗಿ ಜನರ ಮುಂದೆ ಹಾಡಿದ. ಇಬ್ಬರೂ ಜನರನ್ನು ದೇವರ ಜಾಗದಲ್ಲಿ ಕೂರಿಸಿ ಹಾಡಿದವರು.

ವ್ಯತ್ಯಾಸ ಒಂದಿದೆ, ಅದು ನಮ್ಮನ್ನು ಕಾಡಬೇಕಾದ ವ್ಯತ್ಯಾಸ. ಕುಕ್‌ನ ಹಾಡುಗಳು ಚರ್ಚಿನ ಕಾಲದಿಂದ ಕೊನೆಯ ವರ್ಷದವರೆಗೆ ಧ್ವನಿಮುದ್ರಣದಲ್ಲಿ ಉಳಿದಿವೆ. ಸವದತ್ತಿಯ ಬಸ್ಸಿನಲ್ಲಿ ಕುಳಿತ ನನಗೂ ಅವು ಸಿಗುತ್ತವೆ. ಕಂಪನಿಗಳ ಹೊನ್ನಿನ ಕಾಲದ ರಾತ್ರಿಗಳು, ತುಂಬು ಪ್ರಾಯದ ಬಾಳಪ್ಪ ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟಿಸುತ್ತಿದ್ದ ಹಾಡು ಹಾಗೆ ಸಿಗುವುದಿಲ್ಲ. ಅವು ಕೇಳಿದವರ ನೆನಪಿನಲ್ಲಿ ಮಾತ್ರ ಇವೆ, ಆ ನೆನಪು ಹೊತ್ತವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಚಹಾದ ಅಂಗಡಿಯ ಮುಂದೆ ಕುಳಿತಿದ್ದ ಆ ಅಜ್ಜನ ಬಾಯಲ್ಲಿ ಇನ್ನೂ ಎರಡು ರಂಗಗೀತೆಗಳ ಪಲ್ಲವಿ ಇತ್ತು. ತಾಳ ತಪ್ಪದೆ ಹಾಡಿ ತೋರಿಸಿದರು. ಅಂಥವರು ಬೈಲಹೊಂಗಲದಲ್ಲಿ, ಕಿತ್ತೂರಿನಲ್ಲಿ, ರಾಮದುರ್ಗದ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಫ. ಗು. ಹಳಕಟ್ಟಿಯವರು ತಾಡೋಲೆಗಾಗಿ ತಿರುಗಿದ ಹಾಗೆ ಈ ಹಾಡುಗಳಿಗಾಗಿ ಇಂದು ಯಾರಾದರೂ ಮನೆ ಮನೆ ತಿರುಗಬೇಕು. ತಿರುಗಲು ದೊಡ್ಡ ಸಂಸ್ಥೆಯೇ ಬೇಕೆಂದಿಲ್ಲ. ಎಲ್ಲರ ಕಿಸೆಯಲ್ಲಿಯೂ ಈಗ ಧ್ವನಿಮುದ್ರಿಸುವ ಫೋನು ಇದೆ. ಈ ಭಾಗದ ಶಾಲೆಯ ಮಕ್ಕಳು ತಮ್ಮ ಅಜ್ಜ ಅಜ್ಜಿಯರ ಮುಂದೆ ಕುಳಿತು ‘ನೀವು ನೋಡಿದ ನಾಟಕದ ಹಾಡು ಹಾಡ್ರಿ’ ಎಂದು ಕೇಳಿದರೂ ಸಾಕು, ಬಾಳಪ್ಪನವರ ಕಾಲದ ಒಂದು ಪಾಲು ಉಳಿಯುತ್ತದೆ. ಇದಕ್ಕೆ ಇನ್ನು ಹತ್ತು ವರ್ಷ ಕಾಯುವಂತಿಲ್ಲ. ಎಲ್ಲಮ್ಮನ ಗುಡ್ಡಕ್ಕೆ ಹೊರಟ ಪ್ರತಿ ಮನೆಯಲ್ಲೂ ಹಿಂದೊಮ್ಮೆ ಪೆಂಡಾಲಿನ ನೆಲದ ಮೇಲೆ ಕುಳಿತು ‘ವನ್ಸ್ ಮೋರ್’ ಎಂದು ಕೂಗಿದವರು ಒಬ್ಬರಾದರೂ ಇರಬಹುದು. ಅವರನ್ನು ಈ ವರ್ಷವೇ ಕೇಳಿ.